ಐದೂವರೆ ಸೀರೆಯ ಕಾನೂನು

ನಮ್ಮ ಮನೆಯಲ್ಲಿ ಯಾವ ಮಸೂದೆಯೂ ನನ್ನ ಅಂಕಿತಕ್ಕಾಗಿ ಕಾಯುವುದಿಲ್ಲ. ನಾಳೆಯಿಂದ ಹಾಲು ಅರ್ಧ ಲೀಟರ್ ಕಡಿಮೆ, ರಾತ್ರಿ ಹತ್ತಾದ ಮೇಲೆ ಟಿ.ವಿ. ಬಂದ್, ಸಂಡಿಗೆ ಕರಿಯುವುದು ನೆಂಟರು ಬಂದರೆ ಮಾತ್ರ. ಇವೆಲ್ಲ ಅಡುಗೆಮನೆಯಲ್ಲಿ ಮಂಡನೆಯಾಗಿ ಅಲ್ಲೇ ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಜಾರಿಗೆ ಬಂದ ಮೇಲೆ, ಅಂದರೆ ತಟ್ಟೆಯಲ್ಲಿ ಸಂಡಿಗೆ ಕಾಣದಿದ್ದಾಗ, ನನಗೆ ವಿಷಯ ತಿಳಿಯುತ್ತದೆ. ಹೀಗಾಗಿ ರಾಜಭವನಕ್ಕೆ ಸಹಿಗೆ ಹೋಗುವ ಮಸೂದೆಗಳ ಮೇಲೆ ನನಗೆ ಎಲ್ಲಿಲ್ಲದ ಗೌರವ. ಎಲ್ಲೋ ಒಂದು ಮೇಜಿನ ಮೇಲೆ ಒಂದು ಕಾಗದ ಒಬ್ಬ ಹಿರಿಯರ ಒಪ್ಪಿಗೆಗಾಗಿ ಕೈಕಟ್ಟಿ ಕಾದಿದೆ ಎಂಬ ಕಲ್ಪನೆಯೇ ನನ್ನಂಥ ಗೃಹಸ್ಥನಿಗೆ ಸುಖ ಕೊಡುತ್ತದೆ.

ಪರಿಸರದ ವಿಷಯದಲ್ಲಿ ನಾನು ಬರೀ ಮಾತಿನವನು ಅಂತ ಯಾರೂ ಹೇಳುವ ಹಾಗಿಲ್ಲ. 2016ರ ಅಕ್ಟೋಬರ್‌ನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು 800ಕ್ಕೂ ಹೆಚ್ಚು ಮರ ಕಡಿಯಲು ಹೊರಟಾಗ, ಬೆಂಗಳೂರಿನ ಜನ ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರಲ್ಲ, ಆ ಸರಪಳಿಯಲ್ಲಿ ನಾನೂ ಇದ್ದೆ. ಸಾಕ್ಷಿಗೆ ಪತ್ರಿಕೆಯ ಚಿತ್ರವೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರ ಬಲತುದಿಯಲ್ಲಿ ಕಾಣುವ ಮೊಣಕೈ ನನ್ನದು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಆ ಗೆಲುವಿನಲ್ಲಿ ಮೊಣಕೈಯ ಪಾಲೆಷ್ಟು ಎಂಬ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತ ಮೂಡಿಲ್ಲ.

ಅದಕ್ಕೂ ಮುಂಚೆ, 2016ರ ಮಾರ್ಚ್‌ನಲ್ಲಿ, ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದ ದಿನವೇ ನಾನು ಮನೆಯಲ್ಲೂ ನಿಷೇಧ ಸಾರಿದ್ದೆ. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಒಂದು ದೊಡ್ಡ ಕವರ್ ಇದೆ. ಅದರೊಳಗೆ ಉಳಿದೆಲ್ಲ ಕವರ್‌ಗಳು ವಾಸವಾಗಿವೆ. ನನ್ನಾಕೆ ಅದನ್ನು 'ಹಳೆಯ ದಾಸ್ತಾನು' ಎಂದು ಘೋಷಿಸಿ ವಿನಾಯಿತಿ ಕೊಟ್ಟಳು. ಇಷ್ಟು ವರ್ಷವಾಗಿದೆ, ಆ ದಾಸ್ತಾನು ಇನ್ನೂ ಮುಗಿದಿಲ್ಲ. ಬೆಳೆದಿದೆ.

ಇರಲಿ. 2025ರ ಆಗಸ್ಟ್‌ನ ಒಂದು ಬೆಳಗ್ಗೆ ಉಪ್ಪಿಟ್ಟಿನ ರವೆ ಹುರಿಯುವ ಜವಾಬ್ದಾರಿ ನನ್ನ ಮೇಲಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪತ್ರಿಕೆ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಗೆ ತಿದ್ದುಪಡಿ ತರುವ ಮಸೂದೆಯನ್ನು ವಿಧಾನಮಂಡಲ ಅಂಗೀಕರಿಸಿದೆ, ಕೆರೆಗಳ ಸುತ್ತಲಿನ ಬಫರ್ ವಲಯ ಇನ್ನು ಕಡಿಮೆ, ರಾಜ್ಯಪಾಲರ ಸಹಿಯೊಂದು ಬಾಕಿ ಅಂತ ಸುದ್ದಿ.

"ಇದನ್ನ ಸುಮ್ನೆ ಬಿಡಕ್ಕಾಗಲ್ಲ!" ಎಂದು ಗುಡುಗಿದೆ.

"ಬಿಡಬೇಡಿ" ಎಂದಳು ನನ್ನಾಕೆ ಒಳಗಿನಿಂದ. "ಮೊದ್ಲು ಸ್ಟೌ ಆಫ್ ಮಾಡಿ. ರವೆ ಸೀದಿರೋ ವಾಸನೆ ಎದುರುಮನೆಗೂ ಹೋಗಿದೆ."

ತಿಂಡಿಯಾದ ಮೇಲೆ (ತಿಂಡಿ ಎಂದರೆ ಬ್ರೆಡ್ಡು) ನಾನು ಫುಲ್‌ಸ್ಕೇಪ್ ಹಾಳೆ ಹಿಡಿದು ರಾಜ್ಯಪಾಲರಿಗೆ ಪತ್ರ ಬರೆಯಲು ಕೂತೆ. ಸರಾಗವಾಗಿ ನಾಲ್ಕು ಪುಟ ಹರಿಯಿತು. ಮೊದಲ ಪುಟ ಪಂಚಭೂತಗಳಿಗೆ. ಎರಡನೆಯದರಲ್ಲಿ ಕೆಂಪೇಗೌಡರು, ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು. ಮೂರನೆಯದರಲ್ಲಿ ಸಮಿತಿಗಳು: ಬೆಂಗಳೂರಿನ ಕೆರೆಗಳನ್ನು ಉಳಿಸುವ ಬಗ್ಗೆ 1985ರಲ್ಲೇ ನೇಮಕವಾದ ಲಕ್ಷ್ಮಣ ರಾವ್ ಸಮಿತಿ, ಒತ್ತುವರಿ ಹುಡುಕಿದ ಎ.ಟಿ. ರಾಮಸ್ವಾಮಿ ಸಮಿತಿ, ಆಮೇಲೆ ಕೆ.ಬಿ. ಕೋಳಿವಾಡ ಸಮಿತಿ. ನಾಲ್ಕನೆಯ ಪುಟದಲ್ಲಿ 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು, 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಐಟಿ ಕಂಪನಿಗಳವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದದ್ದು. ಕೊನೆಗೆ 'ಈ ಬಡ ಪ್ರಜೆಯ ಕಣ್ಣೀರು' ಎಂಬಲ್ಲಿಗೆ ಮುಕ್ತಾಯ. ಓದಿಕೊಂಡಾಗ ನನಗೇ ಗಂಟಲು ಕಟ್ಟಿತು.

ನನ್ನಾಕೆ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ವಿಷಯ ನಿರ್ವಾಹಕಿಯಾಗಿದ್ದು ನಿವೃತ್ತಳಾದವಳು. ಪತ್ರವನ್ನು ಕೈಗೆ ತೆಗೆದುಕೊಂಡವಳೇ ಮೊದಲು ತೂಕ ನೋಡಿದಳು, ಓದಲಿಲ್ಲ.

"ಎರಡನೇ ಪುಟ ಯಾರೂ ಓದಲ್ಲ ರೀ."

"ಹಾಗಂತ ಹೇಗೆ ಹೇಳ್ತೀಯ?"

"ಮೂವತ್ತು ವರ್ಷ ನಾನೇ ಓದಿಲ್ಲ."

ಆಮೇಲೆ ಕೆಂಪು ಪೆನ್ನು ಬಂತು. ಪಂಚಭೂತಗಳು ಹೋದವು. ಕೆಂಪೇಗೌಡರು ಹೋದರು. ಸಮಿತಿಗಳ ಹತ್ತಿರ ಬಂದು ಸ್ವಲ್ಪ ನಿಂತಳು. "ಇಷ್ಟು ಸಮಿತಿ ಹೆಸರು ಬರೆದ್ರೆ ಓದಿದೋರು ಇನ್ನೊಂದು ಸಮಿತಿ ಮಾಡೋಣ ಅಂತಾರೆ" ಎಂದು ಅದಕ್ಕೂ ಗೆರೆ ಎಳೆದಳು. ಸಂವಿಧಾನದ 51ಎ ವಿಧಿಯಲ್ಲಿ ಕಾಡು, ಕೆರೆ, ನದಿಗಳನ್ನು ಕಾಪಾಡುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಎಂದಿರುವ ಸಾಲನ್ನು ಮಾತ್ರ ಉಳಿಸಿದಳು, ಅದೂ ನನಗಲ್ಲ, ಸಂವಿಧಾನಕ್ಕೆ ಮರ್ಯಾದೆ ಕೊಟ್ಟು. ಕಣ್ಣೀರಿನ ಪಕ್ಕದ ಅಂಚಿನಲ್ಲಿ 'ದಾಖಲೆ ಲಗತ್ತಿಸಿಲ್ಲ' ಎಂದು ಬರೆದಳು.

ನಾಲ್ಕು ಪುಟದಲ್ಲಿ ಒಂದು ವಾಕ್ಯ ಮಿಕ್ಕಿತು. ಅದರ ಮೇಲೆ ನನ್ನ ಹೆಸರು, ವಿಳಾಸ.

"ಈಗ ಹೇಳಿ, ನಿಮಗೆ ಏನು ಬೇಕು?"

"ಕೆರೆ ಉಳೀಬೇಕು."

"ಅದು ಆಸೆ. ಕೋರಿಕೆ ಯಾವುದು? ಯಾವ ಕಲಮು, ಯಾವ ಅಂಕಿ, ಏನು ಬದಲಾಗಬೇಕು? ಮಸೂದೆ ಓದಿದ್ರಾ?"

"ಪೇಪರ್ ಓದಿದೆ."

ಅವಳು ಏನೂ ಅನ್ನಲಿಲ್ಲ. ಮೂವತ್ತು ವರ್ಷ ಅರ್ಜಿದಾರರನ್ನು ನೋಡಿದ ಕಣ್ಣಿನಲ್ಲಿ ಒಮ್ಮೆ ನೋಡಿದಳು, ಅಷ್ಟೆ. ಮಗಳು ಲ್ಯಾಪ್‌ಟಾಪಿನಲ್ಲಿ ಮಸೂದೆ ಹುಡುಕಿ ತೆಗೆದಳು. ಮೂವರೂ ಸೋಫಾದಲ್ಲಿ ಕೂತು ಓದಿದೆವು. ನನ್ನ ಕಷ್ಟಗಳು ಅಲ್ಲಿಂದಲೇ ಆರಂಭವಾದವು.

ಅಲ್ಲಿಯವರೆಗೆ ಇದ್ದ ಕಾನೂನು ಸರಳ: ಕೆರೆ ಯಾವುದೇ ಇರಲಿ, ಅಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟುವ ಹಾಗಿಲ್ಲ. ಹೊಸ ಮಸೂದೆ ಕೆರೆಗಳನ್ನು ಗಾತ್ರದ ಮೇಲೆ ಪಂಕ್ತಿ ಮಾಡಿ ಕೂರಿಸಿತ್ತು. ನೂರು ಎಕರೆ ದಾಟಿದ ದೊಡ್ಡ ಕುಳಗಳಿಗೆ ಮೊದಲಿನಂತೆ 30 ಮೀಟರ್. 25ರಿಂದ 100 ಎಕರೆಯವಕ್ಕೆ 24. 10ರಿಂದ 25ರವರೆಗೆ 12. ಒಂದರಿಂದ ಹತ್ತು ಎಕರೆಯ ಕೆರೆಗೆ 6. ಐದು ಗುಂಟೆಯಿಂದ ಒಂದು ಎಕರೆಯದಕ್ಕೆ 3. ಐದು ಗುಂಟೆಯೊಳಗಿನ ಕಟ್ಟೆ, ಕುಂಟೆಗಳಿಗೆ ಸೊನ್ನೆ. ಮದುವೆಮನೆಯಲ್ಲಿ ಬೀಗರಿಗೆ ಎರಡೆರಡು ಹೋಳಿಗೆ, ಬಡಿಸುವ ಹುಡುಗರಿಗೆ ಸಾರು ಅನ್ನ.

"ಅಪ್ಪಾ, ನಮ್ಮ ಮಡಿವಾಳ ಕೆರೆ ಎಷ್ಟು ಎಕರೆ?" ಎಂದು ಮಗಳು ಕೇಳಿದಳು.

ನಾವಿರುವುದು ಬಿಟಿಎಂ ಲೇಔಟಿನಲ್ಲಿ. ಮಡಿವಾಳ ಕೆರೆಯ ಸುತ್ತ ನಾನು ಬೆಳಗ್ಗೆ ವಾಕಿಂಗ್ ಹೋಗುತ್ತೇನೆ. ನನ್ನ ಕಣ್ಣೀರಿನ ಸಾಲುಗಳ ಮುಕ್ಕಾಲು ಪಾಲು ಅದರ ಪೆಲಿಕನ್ ಹಕ್ಕಿಗಳ ಮೇಲಿತ್ತು. ಕೆರೆ ನೂರು ಎಕರೆಯನ್ನು ಎಂದೋ ದಾಟಿದ್ದು.

"ಹಾಗಾದ್ರೆ ಅದಕ್ಕೆ 30 ಮೀಟರ್ ಹಾಗೇ ಇರುತ್ತೆ" ಎಂದಳು. "ನಿನ್ನ ಕೆರೆಗೆ ಏನೂ ಆಗಲ್ಲ."

ಒಂದು ಕ್ಷಣ ನನಗೆ, ಸತ್ಯ ಹೇಳುತ್ತೇನೆ, ಬೇಜಾರಾಯಿತು. ಹೋರಾಟಕ್ಕೆ ಹೊರಟವನ ಕೈಯಿಂದ ಅನ್ಯಾಯವನ್ನೇ ಕಿತ್ತುಕೊಂಡರೆ ಅವನು ಎಲ್ಲಿಗೆ ಹೋಗಬೇಕು? "ತತ್ವದ ಪ್ರಶ್ನೆ" ಎಂದು ಗೊಣಗಿದೆ. "75 ಮೀಟರ್ ಕೇಳೋಣ. 2016ರಲ್ಲಿ ಹಸಿರು ನ್ಯಾಯಮಂಡಳಿಯೇ ಹೇಳಿತ್ತು."

"2019ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿದ್ದನ್ನ ಇವರು ಓದಿಲ್ಲ" ಎಂದು ನನ್ನಾಕೆ ಮಗಳಿಗೆ ಹೇಳಿದಳು, ನಾನು ಅಲ್ಲಿಲ್ಲವೇನೋ ಎಂಬಂತೆ.

ಅಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಅತ್ತೆ ಬಾಯಿಬಿಟ್ಟದ್ದು ಆಗ. ಅವರು ಮುಳಬಾಗಿಲು ಕಡೆಯವರು. ಕೋಲಾರ ಜಿಲ್ಲೆಯಲ್ಲಿ ನದಿ ಹುಡುಕಿದರೆ ಮರಳು ಸಿಗುತ್ತದೆ, ಕೆರೆ ಹುಡುಕಬೇಕಾಗಿಲ್ಲ, ಎಡವಿದರೆ ಸಿಗುತ್ತದೆ.

"ಸೊನ್ನೆ ಅಂದಿದ್ದು ಯಾವುದಕ್ಕಮ್ಮ?"

"ಐದು ಗುಂಟೆ ಒಳಗಿನ ಕಟ್ಟೆಗಳಿಗೆ ಅಜ್ಜಿ."

"ಅಂದ್ರೆ ನಮ್ಮ ಗೋಕಟ್ಟೆ ಹೋಯ್ತಾ?"

ಆಮೇಲೆ ಅವರು ಹೇಳಿದ್ದನ್ನು ನನ್ನ ನಾಲ್ಕು ಪುಟದಲ್ಲಿ ಎಲ್ಲೂ ಬರೆದಿರಲಿಲ್ಲ. ಅವರ ಊರಿನ ದೊಡ್ಡ ಕೆರೆಯ ಮೇಲುಗಡೆ ಸಣ್ಣ ಸಣ್ಣ ಕಟ್ಟೆಗಳಿದ್ದವಂತೆ. ಗುಡ್ಡದ ಮೇಲಿನ ಮಳೆನೀರು ಮೊದಲು ಕಟ್ಟೆಗೆ ಇಳಿಯುತ್ತಿತ್ತು. ಮಣ್ಣು ಅಲ್ಲೇ ಕೂತು, ತಿಳಿನೀರು ಕೋಡಿ ಬಿದ್ದು ಮುಂದಿನ ಕಟ್ಟೆಗೆ, ಅಲ್ಲಿಂದ ಕಾಲುವೆ ಹಿಡಿದು ಕೆರೆಗೆ. ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಊರಿನ ಕೆರೆಗೆ. ನೀರುಗಂಟಿ ತೂಬು ಎತ್ತಿದರೆ ಅಚ್ಚುಕಟ್ಟಿನ ಗದ್ದೆಗೆ. "ಮೇಲಿನ ಕಟ್ಟೆ ಮುಚ್ಚಿದ್ರೆ ಕೆರೆಗೆ ನೀರೂ ಬರಲ್ಲ, ಬಂದ್ರೂ ಬರೀ ಹೂಳು ಬರುತ್ತೆ" ಎಂದರು. "ದೊಡ್ಡದಕ್ಕೆ ಜಾಸ್ತಿ ಜಾಗ, ಚಿಕ್ಕದಕ್ಕೆ ಇಲ್ಲ ಅಂತ ಬರೆದೋನು ಯಾರು? ಕೆರೆ ಏರಿ ಮೇಲೆ ಒಂದು ಸಲ ನಿಂತು ನೋಡ್ಬೇಕಿತ್ತು."

ಸೊನ್ನೆಯ ಸಾಲಿಗೆ ಎಂಥೆಂಥವು ಸೇರುತ್ತವೆ ಅಂತ ನಾನು ಯೋಚಿಸಿದ್ದು ಆಗಲೇ. ದನ ನೀರು ಕುಡಿಯುವ ಗೋಕಟ್ಟೆ. ದೇವಸ್ಥಾನದ ಮುಂದಿನ ಕಲ್ಯಾಣಿ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತ, ಕುರಿ ಮಾರಿದ ದುಡ್ಡನ್ನೇ ಸುರಿದು, ಕುಂದೂರು ಬೆಟ್ಟದಲ್ಲಿ ಒಂದಾದ ಮೇಲೊಂದು ಕಟ್ಟೆ ತೋಡಿಸಿದರು. ಬೆಟ್ಟದ ಪ್ರಾಣಿಪಕ್ಷಿಗಳಿಗೆ ಕುಡಿಯಲು ನೀರಿರಲಿ ಎಂಬುದೊಂದೇ ಅವರ ಉದ್ದೇಶ. ನಾಡು ಅವರನ್ನು ಕೆರೆ ಕಾಮೇಗೌಡ ಎಂದು ಕರೆಯಿತು, ಪ್ರಧಾನಿ 2020ರಲ್ಲಿ ರೇಡಿಯೊದಲ್ಲಿ ಅವರ ಹೆಸರು ಹೇಳಿದರು. ಹೊಗಳುವಾಗ ಯಾರೂ ಗುಂಟೆ ಲೆಕ್ಕ ಕೇಳಿರಲಿಲ್ಲ.

ಅತ್ತೆಗೆ ಬೆಂಗಳೂರಿನ ಮೇಲೆ ಇನ್ನೊಂದು ಹಳೆಯ ಲೆಕ್ಕ ಬಾಕಿಯಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರಲ್ಲ, ಅಂದಿನಿಂದ ನಾನು ಸ್ನಾನಕ್ಕೆ ಹೋಗುವಾಗಲೆಲ್ಲ ಅವರು ತಮ್ಮ ಮಗಳಿಗೆ ನನಗೂ ಕೇಳುವಂತೆ ಹೇಳುತ್ತಾರೆ: "ಅಳಿಯಂದಿರಿಗೆ ಸೋಪು ಸ್ವಲ್ಪ ಕಮ್ಮಿ ಹಾಕ್ಕೊಳಕ್ಕೆ ಹೇಳೇ. ನಮ್ಮೂರಿಗೆ ಹೋಗುತ್ತೆ."

ಅತ್ತೆಗೆ ಗುಂಟೆ, ಎಕರೆ ಗೊತ್ತು, ಮೀಟರ್ ಗೊತ್ತಿಲ್ಲ. "30 ಮೀಟರ್ ಅಂದ್ರೆ ಎಷ್ಟಾಯ್ತು?" ಎಂದು ಕೇಳಿದರು. ನಾನು ಎರಡು ಕೈ ಅಗಲಿಸಿ ತೋರಿಸಲು ಹೋಗಿ ಗೋಡೆ ಗಡಿಯಾರಕ್ಕೆ ತಾಗಿಸಿದೆ. ಮನೆಯ ಟೇಪು ಐದು ಅಡಿಗೆ ಮುಗಿಯುತ್ತದೆ. ಅದರಿಂದ ನನ್ನ ಸೊಂಟವನ್ನು ಅಳೆಯುವುದೇ ಕಷ್ಟ. ಆಗ ಅತ್ತೆಯೇ ದಾರಿ ತೋರಿಸಿದರು.

"ಸೀರೆ ತಗೊಂಬನ್ನಿ. ನಿಮ್ಮ ಮೀಟರ್ ಗೀಟರ್ ಸೀರೆಯಲ್ಲಿ ಹೇಳಿ."

ಸಾಮಾನ್ಯ ಸೀರೆ ಹನ್ನೆರಡು ಮೊಳ, ಅಂದರೆ ಐದೂವರೆ ಮೀಟರ್. ಮಗಳು ಭಾಗಿಸಿದಳು: ಹಳೆಯ ಕಾನೂನಿನ ಪ್ರಕಾರ ಪ್ರತಿ ಕೆರೆಗೂ ಐದೂವರೆ ಸೀರೆ. ನಮ್ಮ ಮನೆಯಿಂದ ಅಡ್ಡರಸ್ತೆಯ ಕೊನೆಯವರೆಗೆ ಹಾಸಿ ನೋಡೋಣ ಎಂದು ತೀರ್ಮಾನವಾಯಿತು. ನಾನು ಉತ್ಸಾಹದಲ್ಲಿ ಬೀರು ತೆರೆದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದೆ. ಅದು ಮದುವೆಯ ಧಾರೆಸೀರೆಯಂತೆ. ಮುಂದಿನ ಹತ್ತು ನಿಮಿಷದ ಸದನದ ಕಲಾಪವನ್ನು ಕಡತದಿಂದ ತೆಗೆದುಹಾಕಲಾಗಿದೆ.

ಕೊನೆಗೆ ಅತ್ತೆಯ ಹದಿನೆಂಟು ಮೊಳದ ಹಳೆಯ ಸೀರೆ, ನನ್ನಾಕೆಯ ಆಫೀಸಿನ ಕಾಲದ ಸಿಂಥೆಟಿಕ್ ಸೀರೆಗಳು ಹೊರಬಂದವು. ಭಾನುವಾರದ ಬೆಳಗ್ಗೆ. ಒಂದು ತುದಿಯನ್ನು ನಮ್ಮ ಗೇಟಿಗೆ ಕಟ್ಟಿ, ಒಂದಕ್ಕೊಂದು ಗಂಟು ಹಾಕುತ್ತ ರಸ್ತೆಯಂಚಿನಲ್ಲಿ ಹಾಸುತ್ತ ಹೋದೆವು. 30 ಮೀಟರ್ ಮುಗಿದದ್ದು ಐದನೇ ಮನೆಯ ಕಾಂಪೌಂಡಿನ ಹತ್ತಿರ. 24 ಮೀಟರ್‌ಗೆ ಬಂದಾಗ ಒಂದು ಸೀರೆ ಬಿಚ್ಚಿದೆವು. 12ಕ್ಕೆ ಎರಡು ಸೀರೆಯೇ ಹೆಚ್ಚುಕಡಿಮೆ ಸಾಕಾಯಿತು. 6 ಮೀಟರ್ ಎಂದರೆ ರವಿಕೆಕಣ ಸಮೇತ ಒಂದೇ ಒಂದು ಸೀರೆ. ಹತ್ತು ಎಕರೆಯ ಕೆರೆಗೆ ಅಷ್ಟೇ. 3 ಮೀಟರ್‌ಗೆ ಸೀರೆಯೇ ಬೇಡ, ನನ್ನ ಎಂಟು ಮೊಳದ ಪಂಚೆ ಹಾಸಿ ನೋಡಿದರೆ ಅದೂ ಉದ್ದವಾಗಿ ತುದಿ ಮಡಚಬೇಕಾಯಿತು. ಸೊನ್ನೆಗೆ ಏನು ಹಾಸಬೇಕೆಂದು ತಿಳಿಯದೆ ನಾನು ಸುಮ್ಮನೆ ನಿಂತೆ. ಆ ಪ್ರಯೋಗದಲ್ಲಿ ನಾನು ಸರಿಯಾಗಿ ನಿರ್ವಹಿಸಿದ ಪಾತ್ರ ಅದೊಂದೇ.

ಅತ್ತೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಕೆರೆ ತುಂಬಿದ್ರೆ ಮಂತ್ರಿಗಳು ಬಂದು ಬಾಗಿನ ಬಿಡ್ತಾರಲ್ಲ" ಎಂದರು. "ಮೊರದಲ್ಲಿ ಒಂದು ಸೀರೆ ಇಟ್ಟು ಬಿಡ್ತಾರೆ, ಆಮೇಲೆ ಬೆಂಗಳೂರಿಗೆ ಹೋಗಿ ನಾಲ್ಕೂವರೆ ಸೀರೆ ಎಳ್ಕೊತಾರೆ. ಬಾಗಿನ ಯಾರು ಯಾರಿಗೆ ಕೊಟ್ಟಂಗಾಯ್ತು?"

'ಕೆರೆಗೆ ಹಾರ'ದ ಭಾಗೀರಥಿಯ ಕಥೆಯನ್ನೂ ಅವರು ಅಲ್ಲೇ ನೆನೆಸಿಕೊಂಡರು. "ಆ ಕಾಲದ ಗೌಡ ಕೆರೆಗೆ ನೀರು ಬರ್ಲಿ ಅಂತ ಕಿರಿಸೊಸೆನೇ ಕೊಟ್ಟ. ಇವ್ರ ಕೈಲಿ ಮೂರು ಮೊಳ ಜಾಗ ಕೊಡಕ್ಕಾಗಲ್ಲ." ಸೊಸೆಯನ್ನು ಕೊಟ್ಟದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಮಗಳು ತಕರಾರು ತೆಗೆಯಲು ಬಾಯಿ ತೆರೆದಳು. ನನ್ನಾಕೆ ಕಣ್ಣಲ್ಲೇ ತಡೆದಳು. ಒಂದು ದಿನಕ್ಕೆ ಒಂದು ಮಸೂದೆ.

ನಾವು ಲೆಕ್ಕಕ್ಕೆ ಇಟ್ಟುಕೊಳ್ಳದೆ ಇದ್ದ ಸಂಗತಿಯೊಂದಿತ್ತು. ರಸ್ತೆಯಲ್ಲಿ ಸೀರೆಗಳು ಹರಡಿವೆ ಎಂದರೆ ಅಕ್ಕಪಕ್ಕದವರ ಪಾಲಿಗೆ ಅದಕ್ಕೆ ಒಂದೇ ಅರ್ಥ.

"ಸೀರೆ ವ್ಯಾಪಾರ ಶುರು ಮಾಡಿದ್ರಾ? ಹೇಳಲೇ ಇಲ್ಲ!" ಎಂದು ಮೂಲೆಮನೆಯವರು ಬಂದರು. ಅವರ ಹಿಂದೆ ಮೇಲ್ಮಹಡಿಯವರು, ತರಕಾರಿ ಗಾಡಿಯ ಹತ್ತಿರ ನಿಂತಿದ್ದ ಇಬ್ಬರು, ಕೊನೆಗೆ ತರಕಾರಿ ಗಾಡಿಯಾಕೆಯೇ. ನಾನು ಇದು ವ್ಯಾಪಾರವಲ್ಲ, ಬಫರ್ ವಲಯದ ಪರಿಕಲ್ಪನೆ ಎಂದು ವಿವರಿಸಲು ಆರಂಭಿಸಿದೆ. ಅವರು ನನ್ನನ್ನು ದಾಟಿಕೊಂಡು ಹೋಗಿ ಸೆರಗಿನ ಕಸೂತಿ ಮುಟ್ಟಿ ನೋಡಿದರು. ನನ್ನಾಕೆ ಮಾತ್ರ ಎರಡು ನಿಮಿಷದಲ್ಲಿ ಗೇಟಿನ ಹತ್ತಿರ ಟೀಪಾಯಿ ಹಾಕಿ, ಮೇಲೆ ಗೆರೆ ಹಾಕಿದ ಹಾಳೆ ಇಟ್ಟಳು: ಕ್ರಮಸಂಖ್ಯೆ, ಹೆಸರು, ವಿಳಾಸ, ಸಹಿ.

"ಈ ಹಸಿರು ಸೀರೆ ಚಿಕ್ಕಪೇಟೆದು, ಬೆಲೆ ಆಮೇಲೆ ಹೇಳ್ತೀನಿ" ಎಂದಳು. "ಈಗ ನೋಡಿ, ನಿಮ್ಮೂರಲ್ಲಿ ಹತ್ತು ಎಕರೆ ಕೆರೆ ಇದೆ ಅಂತಿಟ್ಕೊಳ್ಳಿ. ಮೊದ್ಲು ಇಲ್ಲಿಂದ ಅಲ್ಲೀವರೆಗೂ ಬಿಡ್ತಿದ್ರು. ಇನ್ಮೇಲೆ ಇಷ್ಟೇ, ಈ ಹಸಿರು ಸೀರೆ ಒಂದೇ."

"ಅಯ್ಯೋ, ಇಷ್ಟೇನಾ?"

"ಇಷ್ಟೇ. ಇಲ್ಲಿ ಸಹಿ ಹಾಕಿ."

ಮೊಣಕೈ ಕೊಟ್ಟು ಹೋರಾಡಿದವನಿಗೆ ಅಂಥ ಭಾಗ್ಯ ಎಂದೂ ಸಿಕ್ಕಿರಲಿಲ್ಲ. ನೋಡುತ್ತಿದ್ದಂತೆ ಒಂದು ಹಾಳೆ ತುಂಬಿತು. ಬೆಂಗಳೂರಿನ ಅಡ್ಡರಸ್ತೆಯೊಂದರಲ್ಲಿ ಊರಿಲ್ಲದವರು ಯಾರಿದ್ದಾರೆ? ಒಬ್ಬರಿಗೆ ತುರುವೇಕೆರೆ, ಒಬ್ಬರಿಗೆ ಚಿಂತಾಮಣಿ, ಒಬ್ಬರಿಗೆ ಹಾನಗಲ್ಲು. ಎಲ್ಲರ ನೆನಪಿನಲ್ಲೂ ಒಂದು ಕಟ್ಟೆ ಇತ್ತು, ಯಾರ ಕಟ್ಟೆಯೂ ನೂರು ಎಕರೆ ಇರಲಿಲ್ಲ.

ವಿರೋಧ ಪಕ್ಷ ಎಂಬುದು ಬಂದದ್ದು ಹನ್ನೊಂದು ಗಂಟೆಗೆ, ಎದುರುಮನೆಯ ಹಿರಿಯರ ರೂಪದಲ್ಲಿ. ಹೊಸಕೋಟೆ ಕಡೆ ಅವರದೊಂದು ಸೈಟಿದೆ, ಸೈಟಿನ ಪಕ್ಕ ಒಂದು ಕುಂಟೆಯಿದೆ.

"ಏನ್ ಸಾರ್ ನಿಮ್ಮ ನ್ಯಾಯ? ಅಂಗೈಯಗಲ ಕುಂಟೆ, ಅದರ ಸುತ್ತ 30 ಮೀಟರ್ ಬಿಡಿ ಅಂದ್ರೆ ಕುಂಟೆಗಿಂತ ಬಿಟ್ಟ ಜಾಗಾನೇ ಜಾಸ್ತಿ ಆಗಲ್ವಾ?"

ನಾನು ತತ್ವದ ಪ್ರಶ್ನೆ ಎಂದೆ. ಅವರು ಸೈಟಿನ ಪ್ರಶ್ನೆ ಎಂದರು. ಮಗಳು ಲೆಕ್ಕ ಹಾಕಿದಳು, ಅವಳಿಗೆ ಪಕ್ಷಭೇದವಿಲ್ಲ: ಐದು ಗುಂಟೆಯ ದುಂಡನೆಯ ಕುಂಟೆಯ ಸುತ್ತ 30 ಮೀಟರ್ ಬಿಟ್ಟರೆ ಒಂದು ಎಕರೆ ಹನ್ನೊಂದು ಗುಂಟೆ ಮೀರುತ್ತದೆ. ಕುಂಟೆಯ ಹತ್ತು ಪಟ್ಟು. ಅಂದರೆ ಅವರ ಮಾತಿನಲ್ಲಿ ಸತ್ಯವಿತ್ತು. ಒಬ್ಬ ರೈತನಿಗೆ ಇರುವುದೇ ಎರಡು ಎಕರೆಯಾದರೆ ಅದರಲ್ಲಿ ಅರ್ಧದ ಮೇಲೆ ಕಾನೂನು ಕೂತುಕೊಂಡಂತೆ. ಪರಿಸರದ ಪರವಾಗಿ ಮಾತನಾಡುವ ನನ್ನಂಥವರು ಈ ಲೆಕ್ಕವನ್ನು ಮೊದಲೇ ಹೇಳುವುದಿಲ್ಲ, ಎದುರಿನವರು ಹೇಳಿದಾಗ ಕೆಮ್ಮುತ್ತೇವೆ. ನಾನು ಕೆಮ್ಮಿದೆ.

"ಹತ್ತು ಎಕರೆ ಕೆರೆದೂ ಮಾಡು" ಎಂದಳು ಅವಳ ತಾಯಿ.

ಮಾಡಿದಳು. ಹತ್ತು ಎಕರೆಯ ಕೆರೆಯ ಸುತ್ತ 30 ಮೀಟರ್ ಎಂದರೆ ಸುಮಾರು ಆರು ಎಕರೆ. 6 ಮೀಟರ್ ಎಂದರೆ ಒಂದು ಎಕರೆ ಚಿಲ್ಲರೆ. "ಒಂದೊಂದು ಕೆರೆ ಪಕ್ಕ ಐದು ಎಕರೆ ಹತ್ತಿರ ಬಿಡುಗಡೆ ಆಗುತ್ತೆ. ರಸ್ತೆಗಿಸ್ತೆ ಬಿಟ್ಟು 30x40 ಅಡಿಯ ಸೈಟು ಮಾಡಿದ್ರೂ ನೂರು ಸೈಟಾಗುತ್ತೆ" ಎಂದಳು. ರಾಜ್ಯದಲ್ಲಿರುವ ಕೆರೆಗಳು ಹತ್ತಿರಹತ್ತಿರ 36,000. ಈ ಅಂಕಿ ಕೇಳಿದರೆ ಎಂಥವರೂ ಬೆಚ್ಚಿ ಸಹಿ ಹಾಕುತ್ತಾರೆ ಎಂದುಕೊಂಡೆ.

ಎದುರುಮನೆಯವರು ಬೆಚ್ಚಿದ್ದು ನಿಜ. "ನೂರು ಸೈಟಾ?" ಎಂದರು. ಕಣ್ಣಲ್ಲಿ ಹೊಳಪು ಬಂತು. "ಯಾವ್ ಕಡೆ ಸಾರ್? ಇನ್ನೂ ಬುಕಿಂಗ್ ಶುರುವಾಗಿಲ್ಲ ತಾನೆ?"

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅತ್ತೆ ಅವರನ್ನು ಹತ್ತಿರ ಕರೆದು, ಕುಂಟೆ ಯಾವ ಕಡೆಗಿದೆ, ಸೈಟು ಅದರ ಮೇಲುಗಡೆಯೋ ಕೆಳಗಡೆಯೋ ಎಂದು ಕೇಳಿದರು. ಕೆಳಗಡೆ ಎಂದರು. "ಹಾಗಾದ್ರೆ ಮನೆ ಕಟ್ಟಿ. ಮಳೆಗಾಲದಲ್ಲಿ ಬಂದು ನೋಡ್ತೀವಿ, ದೋಣಿ ನಾವೇ ತರ್ತೀವಿ" ಎಂದರು ಅತ್ತೆ. ಎದುರುಮನೆಯವರು ಸ್ವಲ್ಪ ಹೊತ್ತು ಸೀರೆಗಳನ್ನೇ ನೋಡುತ್ತ ನಿಂತರು. "ಸೊನ್ನೆ ಮಾಡಿದ್ದು ಸ್ವಲ್ಪ ಜಾಸ್ತಿ ಆಯ್ತು" ಎಂದು ಒಪ್ಪಿದರು. "30 ಬೇಡ. ಏನೋ ಒಂದು ಲೆಕ್ಕ ಇರ್ಲಿ. ಆ ಥರ ಬರೆದ್ರೆ ಸಹಿ ಹಾಕ್ತೀನಿ."

ನನ್ನಾಕೆ ಪತ್ರದ ಒಕ್ಕಣೆ ಬದಲಿಸಿದ್ದು ಅವರ ಮಾತಿನ ಮೇಲೆ. ನಾನು 'ಮಸೂದೆಯನ್ನು ಕಸದ ಬುಟ್ಟಿಗೆ ಎಸೆಯಬೇಕು' ಎಂದು ಬರೆಯಲು ಪಟ್ಟುಹಿಡಿದಿದ್ದೆ. "ರಾಜಭವನದಲ್ಲಿ ಆ ಥರ ಬುಟ್ಟಿ ಇಲ್ಲ" ಎಂದಳು. ಸಂವಿಧಾನದ 200ನೇ ವಿಧಿ ತೆಗೆದು ತೋರಿಸಿದಳು: ರಾಜ್ಯಪಾಲರು ಒಪ್ಪಿಗೆ ಕೊಡಬಹುದು, ರಾಷ್ಟ್ರಪತಿಗಳಿಗೆ ಕಳಿಸಬಹುದು, ಇಲ್ಲವೇ ಒಪ್ಪಿಗೆ ತಡೆಹಿಡಿದು ಮತ್ತೊಮ್ಮೆ ಯೋಚಿಸಿ ಎಂದು ಸದನಕ್ಕೆ ಹಿಂದಿರುಗಿಸಬಹುದು. ಸದನ ಅದನ್ನೇ ಮತ್ತೆ ಪಾಸು ಮಾಡಿ ಕಳಿಸಿದರೆ ಆಗ ಒಪ್ಪಿಗೆ ತಡೆಹಿಡಿಯುವ ಹಾಗಿಲ್ಲ.

"ಹಾಗಾದ್ರೆ ಏನು ಉಪಯೋಗ?"

"ವಾಪಸ್ ಬಂದ ಕಡತ ಮೇಜಿನ ಮೇಲೆ ಕೂತಿರುತ್ತಲ್ಲ, ಆಗ ಶಾಸಕರು ಒಂದು ಸಲ ತೆಗೆದು ಓದ್ತಾರೆ. ಮೊದಲನೇ ಸಲ ಎಷ್ಟು ಜನ ಓದಿರ್ತಾರೆ ಅಂತ ಅಂದ್ಕೊಂಡಿದ್ದೀರಿ? ನೀವೇ ಪೇಪರ್ ಓದಿ ನಾಲ್ಕು ಪುಟ ಬರೆದಿರಿ." ಅದಕ್ಕೇ ನಮ್ಮ ಶಾಸಕರಿಗೂ ಒಂದು ಪ್ರತಿ, ಸಣ್ಣ ನೀರಾವರಿ ಸಚಿವರಿಗೆ ಒಂದು ಪ್ರತಿ.

ಅಂತಿಮ ಪತ್ರ ಒಂದೇ ಪುಟ. ವಿಷಯ, ಉಲ್ಲೇಖ, ಮೂರು ಪ್ಯಾರಾ. ಗೋಕಟ್ಟೆ, ಕುಂಟೆ, ಕಲ್ಯಾಣಿಗಳಿಗೆ ಸೊನ್ನೆ ಎಂಬುದನ್ನು ಕೈಬಿಡಬೇಕು. ಕೆರೆಯ ಗಾತ್ರ ಮಾತ್ರ ನೋಡದೆ ಅದಕ್ಕೆ ನೀರು ಬರುವ ದಿಕ್ಕು, ಕಾಲುವೆ, ಕೆಳಗಿನ ಕೆರೆಯ ಜತೆಗಿನ ಸಂಬಂಧ ನೋಡಿ ಅಂತರ ನಿಗದಿ ಮಾಡಬೇಕು. ಜಮೀನು ಕಳೆದುಕೊಳ್ಳುವ ಸಣ್ಣ ಹಿಡುವಳಿದಾರರ ಮಾತನ್ನೂ ಕೇಳಬೇಕು. ಅದಕ್ಕಾಗಿ ಮಸೂದೆಯನ್ನು ಮರುಪರಿಶೀಲನೆಗೆ ಹಿಂದಿರುಗಿಸಬೇಕೆಂದು ಕೋರಿಕೆ. ಪಂಚಭೂತಗಳಲ್ಲಿ ಒಂದೂ ಇರಲಿಲ್ಲ. ಓದಿದರೆ ಗಂಟಲು ಕಟ್ಟಲಿಲ್ಲ, ಅರ್ಥವಾಯಿತು. ಎದುರುಮನೆಯವರು ಎರಡು ಸಲ ಓದಿ ಸಹಿ ಹಾಕಿದರು, ಜತೆಗೆ ಹಸಿರು ಸೀರೆಗೆ ಚೌಕಾಶಿ ಮಾಡಿ ಮನೆಯವರಿಗೆ ಕೊಂಡುಹೋದರು. ಸೀರೆ ದುಡ್ಡಿನಲ್ಲಿ ಅಂಚೆ ಖರ್ಚು ಹುಟ್ಟಿತು.

ಹೋರಾಟದಲ್ಲಿ ನನಗೆ ವಹಿಸಿದ ಹೊಣೆ ಎಂದರೆ ಜೆರಾಕ್ಸ್ ಮಾಡಿಸುವುದು. ಮುಖ್ಯರಸ್ತೆಯ ಅಂಗಡಿಯ ಹುಡುಗ ಯಾವ ಕಾಗದ ಕೊಟ್ಟರೂ ಮುಖ ನೋಡದೆ ಮೆಷಿನ್ನಿಗೆ ತುರುಕುವವನು. ಆಧಾರ್, ಮಾರ್ಕ್ಸ್ ಕಾರ್ಡು, ಕೋರ್ಟ್ ನೋಟಿಸು, ಎಲ್ಲ ಅವನಿಗೆ ಎ4. ಅವತ್ತು ಏಕೋ ಗಾಜಿನ ಮೇಲೆ ಇಡುವ ಮುಂಚೆ ಕಣ್ಣಾಡಿಸಿದ.

"ಸಾರ್, ಇದರಲ್ಲಿ ಐದು ಗುಂಟೆ ಒಳಗೆ ಅಂತಿದೆಯಲ್ಲ. ಕೊರಟಗೆರೆ ಹತ್ರ ನಮ್ಮ ಹೊಲದ ಪಕ್ಕ ಒಂದು ಕಟ್ಟೆ ಇದೆ. ಮೂರು ಗುಂಟೆ ಇರ್ಬೋದು. ಅದಕ್ಕೆ ಎಷ್ಟು ಬಿಡ್ತಾರೆ?"

"ಸೊನ್ನೆ."

"ಸೊನ್ನೆ ಅಂದ್ರೆ ಅಂಚಿಗೇ ಗೋಡೆ ಏಳಿಸ್ಬೋದಾ?"

"ಹ್ಞೂಂ."

"ಅದರಲ್ಲೇ ಸಾರ್ ನಾನು ಈಜು ಕಲ್ತಿದ್ದು." ಅವನು ಸಹಿಹಾಳೆಯ ಕೊನೆಯ ಗೆರೆಯಲ್ಲಿ ತನ್ನ ಹೆಸರು ಬರೆದ. ಆಮೇಲೆ ನಾನು ಹೇಳಿದ್ದಕ್ಕಿಂತ ಹತ್ತು ಪ್ರತಿ ಜಾಸ್ತಿ ತೆಗೆದ, ಊರಿಗೆ ಕಳಿಸುತ್ತಾನಂತೆ, ಪಂಚಾಯಿತಿಗೆ ಕೊಡಲು. ದುಡ್ಡು ಮಾತ್ರ ಆ ಹತ್ತಕ್ಕೂ ನನ್ನ ಹತ್ತಿರವೇ ತೆಗೆದುಕೊಂಡ.